ನುಂಗುವ ಗುಳಿಗೆಯ ಕಥೆ
(ಕುಳಗಿಯ ದಂಪತಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹೆರಿಗೆ ಹೆರಿಗೆಗಳ ನಡುವೆ ಅಂತರವಿರಬೇಕೆಂಬುದು ಹೊಸ ಮಾತಲ್ಲ. ಮೈಸೂರು ಸಂಸ್ಥಾನದ ಸರ್ಕಾರವು 1930ರಲ್ಲಿಯೇ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಮಂಜೂರಾತಿ ನೀಡಿತ್ತು. ಆಗ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಆ ಆಜ್ಞೆ ಕಾಳಿ ಕಣಿವೆಗೆ ಅನ್ವಯಿಸಲಿಲ್ಲ. ಗುಳಿಗೆಯಂತೂ ಅಂದು ಎಲ್ಲಿಯೂ ಇರಲಿಲ್ಲ.

ಅದು ರೂಪುಗೊಂಡದ್ದು ಅಮೆರಿಕದಲ್ಲಿ. ಮೇಲಿಂದ ಮೇಲೆ ಬಸಿರಾಗಿ ಬಳಲುವ ತಾಯಂದಿರನ್ನು ಕಂಡು ಮರುಗಿದ ದಾದಿ ಮಾರ್ಗರೆಟ್ ಸ್ಯಾಂಗರ್ ಅವರು 1935ರಲ್ಲಿ ವಾರ್ಧಾಕ್ಕೂ ಬಂದು ಗಾಂಧೀಜಿಯವರೊಡನೆ ಚರ್ಚಿಸಿದರು. ಸಂಯಮವೇ ದಾರಿಯೆಂದರು ಗಾಂಧೀಜಿ, ಸ್ಯಾಂಗರ್ ಒಪ್ಪಲಿಲ್ಲ. ಮುಂದೆ ಅವರ ಪ್ರೇರಣೆಯಿಂದಲೇ ವಿಜ್ಞಾನಿ ಗ್ರೆಗರಿ ಪಿಂಕಸ್ ಗುಳಿಗೆಯ ಸಂಶೋಧನೆ ಕೈಗೊಂಡರು. ಗೆಡ್ಡೆ ಗೆಣಸುಗಳನ್ನು ಬಲ್ಲ ನಿಮ್ಮ ಸೀಮೆಯವರಿಗೆ ಒಂದು ಸೋಜಿಗ: ಇದಕ್ಕೆ ಬೇಕಾದ ಹಾರ್ಮೋನನ್ನು ಮೆಕ್ಸಿಕೋದ ಕಾಡುಗೆಣಸಿನ ಸತ್ವದಿಂದ ತಯಾರಿಸಿದರು. (ಗೆಣಸು ತಿಂದರೆ ಬಸಿರು ನಿಲ್ಲುವುದೆಂದು ಯಾರೂ ತಿಳಿಯಬಾರದು!)

1956ರಲ್ಲಿ ಪೋರ್ಟೊರಿಕೊ ದ್ವೀಪದ ಬಡ ಹೆಂಗಸರ ಮೇಲೆ ಪರೀಕ್ಷೆ ನಡೆಯಿತು. ಇದು ಪ್ರಯೋಗವೆಂದು ಅವರಿಗೆ ಸರಿಯಾಗಿ ತಿಳಿಸಲಿಲ್ಲ. ತಲೆಸುತ್ತು, ವಾಕರಿಕೆಯ ದೂರುಗಳನ್ನು ಲಘುವಾಗಿ ಕಂಡರು. ಇದು ನ್ಯಾಯವಲ್ಲ. 1960ರಲ್ಲಿ ಗುಳಿಗೆಗೆ ಅನುಮತಿ ದೊರೆಯಿತು. 1970ರಲ್ಲಿ ಅಮೆರಿಕದ ಸೆನೆಟ್ ವಿಚಾರಣೆಯಲ್ಲಿ ಹೆಂಗಸರು ಎದ್ದುನಿಂತು ಪ್ರಶ್ನಿಸಿದ ಮೇಲೆ, ಅಪಾಯಗಳನ್ನು ತಿಳಿಸುವ ಕರಪತ್ರವನ್ನು ಗುಳಿಗೆಯೊಡನೆ ಇಡುವುದು ಕಡ್ಡಾಯವಾಯಿತು. ಮೊದಲ ಗುಳಿಗೆಯಲ್ಲಿ 150 ಮೈಕ್ರೋಗ್ರಾಂ ಇದ್ದ ಈಸ್ಟ್ರೋಜನ್ ಇಂದಿನ ಮಾಲಾ-ಎನ್‌ನಲ್ಲಿ 30 ಮಾತ್ರ. ಆದ್ದರಿಂದ ತಾಯಂದಿರೆ, ಸಂದೇಹವಿದ್ದರೆ ಸಂಕೋಚವಿಲ್ಲದೆ ಕೇಳಿರಿ.

ಬಸಿರಿನ ಕಾಲವನ್ನು ತಾನೇ ನಿಶ್ಚಯಿಸುವ ಶಕ್ತಿಯನ್ನು ಗುಳಿಗೆಯು ಹೆಣ್ಣಿಗೆ ಕೊಟ್ಟಿತು. ಅದರಿಂದ ಅನೇಕ ದೇಶಗಳಲ್ಲಿ ಹೆಣ್ಣುಮಕ್ಕಳ ಓದು, ಉದ್ಯೋಗ ಮುಂದುವರಿದವು. ನಮ್ಮಲ್ಲಿಯಾದರೋ ಬೇಗನೆ ಎರಡು ಮಕ್ಕಳನ್ನು ಹೆತ್ತು, ಇನ್ನೂ ಎಳೆಯ ವಯಸ್ಸಿನಲ್ಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದೇ ರೂಢಿ. ಆ ಎರಡು ಹೆರಿಗೆಗಳ ನಡುವೆ ತಾಯಿಯ ಮೈ ಚೇತರಿಸಿಕೊಳ್ಳುವುದೆಂದು?

ಗಂಡಂದಿರಿಗೊಂದು ಮಾತು. ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟು ನುಂಗುವ ಗುಳಿಗೆ ತಪ್ಪಿಹೋಗುವುದೇ ಹೆಚ್ಚು. ಗುಳಿಗೆಯಿಂದ ಉಷ್ಣವಾಗಿ ಬಂಜೆತನ ಬರುವುದೆಂದು ಅತ್ತೆ ಅಂಜಿದರೆ, ನಿಲ್ಲಿಸಿದ ಮೇಲೆ ಮತ್ತೆ ಬಸಿರಾಗಬಹುದೆಂದು ತಿಳಿಹೇಳಬೇಕಾದವರು ನೀವು.

ಮಾಲಾ-ಎನ್ ಪಟ್ಟಿಯಲ್ಲಿ 28 ಗುಳಿಗೆಗಳಿವೆ: 21 ಹಾರ್ಮೋನಿನವು, 7 ಕಬ್ಬಿಣಾಂಶದವು. ಮುಟ್ಟಾದ 5 ದಿನಗಳೊಳಗೆ ಆರಂಭಿಸಿ, ದಿನವೂ ಒಂದೇ ಹೊತ್ತಿಗೆ ನುಂಗಬೇಕು. ಪಟ್ಟಿ ಮುಗಿದ ಮರುದಿನವೇ ಹೊಸದನ್ನು ತೆರೆಯಬೇಕು. ಒಂದು ತಪ್ಪಿದರೆ ನೆನಪಾದೊಡನೆ ನುಂಗಿ. ಎರಡು ಅಥವಾ ಹೆಚ್ಚು ತಪ್ಪಿದರೆ, ಗುಳಿಗೆ ಮುಂದುವರಿಸುತ್ತ 7 ದಿನ ನಿರೋಧ್ ಸಹ ಬಳಸಿ. ರಕ್ತದೊತ್ತಡ, ಹೃದ್ರೋಗ, ಯಕೃತ್ತಿನ ಕಾಯಿಲೆ ಇರುವವರಿಗೂ 6 ತಿಂಗಳೊಳಗಿನ ಕೂಸಿಗೆ ಹಾಲೂಡಿಸುವವರಿಗೂ ಇದು ತಕ್ಕುದಲ್ಲ. ಹಾಲೂಡಿಸುವವರು ಲಕ್ನೋದ ಸಂಶೋಧನಾಲಯದಲ್ಲಿ ರೂಪುಗೊಂಡ, ಹಾರ್ಮೋನಿಲ್ಲದ ಛಾಯಾ ಗುಳಿಗೆಯನ್ನು ಕೇಳಬಹುದು: ಮೊದಲ 3 ತಿಂಗಳು ವಾರಕ್ಕೆರಡು, ಅನಂತರ ವಾರಕ್ಕೊಂದು. ಎದೆನೋವು, ಕಾಲಿನ ಬಾವು, ತೀವ್ರ ತಲೆನೋವು ಕಂಡರೆ ಗುಳಿಗೆ ನಿಲ್ಲಿಸಿ, ಅಂದೇ ದಾಂಡೇಲಿಯ ಸರ್ಕಾರಿ ಆಸ್ಪತ್ರೆಗೆ ಹೋಗಿರಿ.