ಹಸಿರು ತುದಿ ಉಳಿಯಲಿ



ಹೈದರಾಬಾದಿನ ನೆಕ್ಲೆಸ್ ರಸ್ತೆಯ ನರ್ಸರಿ ಮೇಳಕ್ಕೆ ಹೋದವರು ಬೋನ್ಸಾಯ್ ಗಿಡಗಳ ಮುಂದೆ ಒಂದಿಷ್ಟು ಹೊತ್ತು ನಿಂತೇ ನಿಲ್ಲುತ್ತಾರೆ. ಆಲ, ಅರಳಿ ನಮ್ಮ ಬಿಸಿಲಿಗೆ ಒಗ್ಗಿದವು. ಜುನಿಪರ್ ಹಾಗಲ್ಲ, ತಂಪು ನಾಡಿನದು. ದಖನ್ನಿನ ಮೇ ತಿಂಗಳಲ್ಲಿ ಅದಕ್ಕೆ ಮಧ್ಯಾಹ್ನದ ನೆರಳು ಬೇಕು, ನೀರು ನಿಲ್ಲದ ಮಣ್ಣು ಬೇಕು. ಹಾಗಂತ ಮನೆಯೊಳಗಿಟ್ಟರೆ ಸೊರಗುತ್ತದೆ.

ಎಳೆಯ ಜುನಿಪರ್ ಕೊಂಡವರ ಕೈ ಸುಮ್ಮನಿರುವುದಿಲ್ಲ. ಅಂದೇ ಕತ್ತರಿಸಬೇಕು, ಅಂದೇ ತಂತಿ ಸುತ್ತಬೇಕು, ಅಂದೇ ಕುಂಡ ಬದಲಿಸಬೇಕು. ಆದರೆ ಈ ಗಿಡದ ಕಸುವು ಇರುವುದು ಎಲೆಯಲ್ಲೇ. ಆಲದ ಕೊಂಬೆ ಬೋಳಿಸಿದರೂ ಮತ್ತೆ ಚಿಗುರೀತು. ಜುನಿಪರ್ ಕೊಂಬೆಯಲ್ಲಿ ಹಸಿರೇ ಉಳಿಯದಿದ್ದರೆ ಆ ಕೊಂಬೆಯ ಕತೆ ಮುಗಿದಂತೆ. ಇನ್ನೊಂದು ವಿಚಿತ್ರ ಕೇಳಿ. ಬೇರು ಸತ್ತ ಮೇಲೂ ಎಲೆ ವಾರಗಟ್ಟಲೆ ಹಸಿರಾಗಿಯೇ ಕಾಣುತ್ತದೆ. ಪಾಪ, ನೀರೆರೆಯುವವರು ಎರೆಯುತ್ತಲೇ ಇರುತ್ತಾರೆ!

ಬಲ್ಲವರು ಕೊಂಬೆಯ ಮೂರನೇ ಒಂದು ಭಾಗದಷ್ಟು ದಪ್ಪದ ಅಲ್ಯುಮಿನಿಯಂ ತಂತಿಯನ್ನು ಓರೆಯಾಗಿ ಸುತ್ತುತ್ತಾರೆ. ಹೆಬ್ಬೆರಳು ಊರಿ ಮೆಲ್ಲಗೆ ಬಾಗಿಸುತ್ತಾರೆ. ತಂತಿ ತೊಗಟೆಗೆ ಕಚ್ಚಿಕೊಳ್ಳುವ ಮೊದಲೇ ತುಂಡು ತುಂಡಾಗಿ ಕತ್ತರಿಸಿ ತೆಗೆಯುತ್ತಾರೆ. ಬಿಚ್ಚಲು ಹೋದರೆ ಕೊಂಬೆ ಮುರಿದೀತು. ಕುಂಡ ಬದಲಿಸುವುದು ಮುಂದಿನ ವರ್ಷದ ಮಾತು.

ಮಕ್ಕಳ ಬೇಸಿಗೆ ಶಿಬಿರಗಳ ಪಟ್ಟಿ ಕಂಡಾಗಲೆಲ್ಲ ನನಗೆ ಈ ಗಿಡ ನೆನಪಾಗುತ್ತದೆ. ಬೆಳಿಗ್ಗೆ ಈಜು, ಆಮೇಲೆ ಅಬಾಕಸ್, ಸಂಜೆ ಕೀಬೋರ್ಡ್. ಎಲ್ಲವೂ ಒಂದೇ ರಜೆಯಲ್ಲಿ! ಮಗು ನಗುನಗುತ್ತಲೇ ಹೋಗಿ ಬರುತ್ತದೆ, ನಿಜ. ಇದರಲ್ಲಿ ಯಾವುದನ್ನು ಬಿಡೋಣ ಮರೀ ಎಂದು ಅದನ್ನು ಒಮ್ಮೆ ಕೇಳಿದ್ದೇವೆಯೇ?