ಕಾಫಿ ಯಂತ್ರದ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತನ್ನು ನಾವು ದೇವಾಲಯಗಳಿಗೂ ಕೆರೆಕಟ್ಟೆಗಳಿಗೂ ಮೀಸಲಾಗಿಟ್ಟಿದ್ದೇವೆ. ಶಿಥಿಲವಾದುದನ್ನು ಕೆಡವದೆ, ಅದರ ಮೂಲರೂಪಕ್ಕೆ ಭಂಗ ತಾರದೆ ಮತ್ತೆ ಬಳಕೆಗೆ ತರುವುದು ಅದರ ಅರ್ಥ. ಆ ಅರ್ಥದಲ್ಲಿ ಅಡುಗೆಮನೆಯ ಯಂತ್ರಕ್ಕೂ ಜೀರ್ಣೋದ್ಧಾರ ಸಲ್ಲುತ್ತದೆ. ಇತರರು ಬಳಸಿ ಬಿಟ್ಟ ಎಸ್ಪ್ರೆಸೊ ಕಾಫಿ ಯಂತ್ರವೊಂದು ಕೈಗೆ ಬಂದರೆ ಅದನ್ನು ಹೇಗೆ ಶುದ್ಧಿಮಾಡಬೇಕೆಂಬುದೇ ಈ ಹೊತ್ತಿನ ವಿಷಯ.

ಮೊದಲು ಹೆಸರನ್ನು ನೋಡೋಣ. ಎಸ್ಪ್ರೆಸೊ ಎಂದರೆ ಎಕ್ಸ್‌ಪ್ರೆಸ್ ರೈಲಿನಂತೆ ವೇಗವಾಗಿ ಬರುವ ಕಾಫಿ ಎಂದು ಕೆಲವರು ತಿಳಿಯುವುದುಂಟು. ಇಟಲಿಯ ನುಡಿಯಲ್ಲಿ ಅದಕ್ಕೆ ಒತ್ತಿ ಹೊರತೆಗೆದದ್ದು ಎಂಬ ಅರ್ಥವಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಹಿಂಡಿದ್ದು. ನಮ್ಮ ಫಿಲ್ಟರಿನಲ್ಲಿ ಬಿಸಿನೀರು ತನ್ನ ಭಾರದಿಂದಲೇ ಪುಡಿಯೊಳಗೆ ಇಳಿದು ತೊಟ್ಟಿಕ್ಕುತ್ತದೆ. ಈ ಯಂತ್ರದಲ್ಲಿ ಪಂಪು ಅದೇ ನೀರನ್ನು ವಾಯುಮಂಡಲದ ಒತ್ತಡಕ್ಕೆ ಸುಮಾರು 9ರಷ್ಟು ಬಲದಿಂದ ನೂಕುತ್ತದೆ. ಅರ್ಧ ನಿಮಿಷದೊಳಗೆ ಡಿಕಾಕ್ಷನ್ ಬಟ್ಟಲಿಗೆ ಬೀಳುತ್ತದೆ. ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ 1884ರಲ್ಲಿ ಆವಿಯ ಬಲದ ಕಾಫಿ ಯಂತ್ರಕ್ಕೆ ಪೇಟೆಂಟ್ ಪಡೆದನು. ಎರಡನೆಯ ಮಹಾಯುದ್ಧದ ತರುವಾಯ ಮಿಲಾನಿನ ಅಕಿಲೆ ಗಾಜಿಯ ಸನ್ನೆಗೋಲಿನ ಯಂತ್ರವನ್ನು ತಂದು, ಕಾಫಿಯ ಮೇಲೆ ಹೊಂಬಣ್ಣದ ನೊರೆ ಕಟ್ಟುವಂತೆ ಮಾಡಿದನು. ಅವನ ಹೆಸರಿನ ಸಂಸ್ಥೆ 1991ರಲ್ಲಿ ಮನೆಬಳಕೆಗೆ ತಂದ 'ಕ್ಲಾಸಿಕ್' ಎಂಬ ಯಂತ್ರ ಇಂದಿಗೂ ಕೈಯಿಂದ ಕೈಗೆ ಸಾಗುತ್ತಿದೆ. ಬಿಚ್ಚಿ ಜೋಡಿಸಲು ಬರುವಂತೆ ಅದನ್ನು ಕಟ್ಟಿರುವುದೇ ಇದಕ್ಕೆ ಕಾರಣ.

ಇಂಥ ಯಂತ್ರಗಳನ್ನು ಕೆಡಿಸುವ ಮುಖ್ಯ ಶತ್ರು ನೀರು. ಕೊಳವೆಬಾವಿಯ ಗಡಸು ನೀರು ನಮ್ಮ ಎಷ್ಟೋ ಊರುಗಳಿಗೆ ಪರಿಚಿತ. ಸ್ನಾನದ ಹಂಡೆಯ ಒಳಮೈಗೆ ಬಿಳಿಯ ಪದರ ಕಟ್ಟುವುದನ್ನು ಎಲ್ಲರೂ ಕಂಡಿದ್ದೇವೆ. ನೀರಿನಲ್ಲಿ ಕರಗಿರುವ ಸುಣ್ಣದ ಅಂಶ, ನೀರು ಕಾದಾಗ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಬಿಟ್ಟುಕೊಟ್ಟು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಹಂಡೆಯಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಯಂತ್ರದ ಬಾಯ್ಲರಿನಲ್ಲಿಯೂ ಸೂಜಿಗಾತ್ರದ ರಂಧ್ರಗಳಲ್ಲಿಯೂ ಕಾಣುವುದಿಲ್ಲ. ಅಲ್ಲಿ ಅದು ಶಾಖವನ್ನು ತಡೆಯುತ್ತದೆ, ದಾರಿಯನ್ನು ಮುಚ್ಚುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರಿನಲ್ಲಿ ಪುಟ್ಟ ಕಾಫಿ ಅಂಗಡಿ ಇಡಬೇಕೆಂದಿದ್ದ. ಸಾಲ ಮಾಡುವ ಮೊದಲು ಮನೆಯಲ್ಲಿಯೇ ಕೈ ಪಳಗಿಸಿಕೊಳ್ಳಲೆಂದು, ಕೂಡಿಟ್ಟ ಹಣದಿಂದ ಹಳೆಯ ಯಂತ್ರವೊಂದನ್ನು ಕೊಂಡು ತಂದ. ಪಂಪು ಗುರುಗುಟ್ಟುತ್ತಿತ್ತು, ನೀರು ಮಾತ್ರ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು. ದುರಸ್ತಿಯವರು ಬಾಯ್ಲರನ್ನೇ ಬದಲಾಯಿಸಬೇಕೆಂದರು. ಅವನ ತಾಯಿ, "ಗುಜರಿಗೆ ಹಾಕಿಬಿಡು ಮಗು, ಅಂಗಡಿಯ ಹುಚ್ಚೂ ಅದರ ಜೊತೆಗೇ ಹೋಗಲಿ" ಎಂದರಂತೆ. ಹುಡುಗ ಮುಖ ಸಣ್ಣದು ಮಾಡಿಕೊಂಡು ನಮ್ಮ ಮನೆಗೆ ಬಂದ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟರನ್ನು ಕರೆದುಕೊಂಡು ಹೋಗಿ ಮೂವರೂ ಯಂತ್ರದ ಮುಂದೆ ಕುಳಿತೆವು. ಅಂದು ಅನುಸರಿಸಿದ ಕ್ರಮವನ್ನೇ ಇಲ್ಲಿ ಹೇಳುತ್ತೇನೆ.

ಮೊದಲನೆಯದು ವಿದ್ಯುತ್ತಿನ ಎಚ್ಚರ. ಅಮೆರಿಕದಿಂದ ಬಂಧುಗಳು ತಂದುಕೊಟ್ಟ ಯಂತ್ರವಾದರೆ ಅದು 120 ವೋಲ್ಟಿನದಾಗಿರಬಹುದು. ನಮ್ಮ ಮನೆಯ 230 ವೋಲ್ಟಿಗೆ ನೇರವಾಗಿ ಚುಚ್ಚಿದರೆ ಸುಟ್ಟುಹೋಗುತ್ತದೆ. ಅರ್ತ್ ಇರುವ ಮೂರು ಕಡ್ಡಿಯ ಪ್ಲಗ್ಗೇ ಇರಬೇಕು. ವೈರು ಬಿರುಕುಬಿಟ್ಟಿದ್ದರೆ, ಮೈಮುಟ್ಟಿದಾಗ ಷಾಕ್ ಹೊಡೆದರೆ, ಕೆಲಸ ಬಲ್ಲವರಿಗೆ ತೋರಿಸುವವರೆಗೆ ಅದನ್ನು ಹಚ್ಚಕೂಡದು. ಬಿಚ್ಚುವ ಮೊದಲು ಪ್ಲಗ್ಗು ತೆಗೆದು, ಆವಿಯ ತಿರುಪನ್ನು ತೆರೆದು ಒಳಗಿನ ಒತ್ತಡ ಬಿಟ್ಟು, ಪೂರ್ತಿ ಆರುವವರೆಗೆ ಕಾಯಬೇಕು.

ಎರಡನೆಯದು ಕೊಳೆಯ ವಿವೇಚನೆ. ಯಂತ್ರದಲ್ಲಿ ಎರಡು ಜಾತಿಯ ಕೊಳೆ ಇರುತ್ತದೆ. ಒಂದು ಕಾಫಿಯ ಜಿಡ್ಡು, ಇನ್ನೊಂದು ನೀರಿನ ಸುಣ್ಣ. ಜಿಡ್ಡು ಹುಳಿಗೆ ಬಗ್ಗುವುದಿಲ್ಲ. ಸುಣ್ಣ ಸೋಪಿಗೆ ಬಗ್ಗುವುದಿಲ್ಲ. ಪುಡಿಯ ಬಟ್ಟಲು ಸಿಕ್ಕಿಸುವ ಬಾಯಿಯೊಳಗೆ ಒಂದು ತೂತುತೂತಿನ ಜರಡಿ ಇರುತ್ತದೆ. ಅದರ ತಿರುಪನ್ನು ಬಿಚ್ಚಿ, ಜರಡಿಯನ್ನು ಬಿಸಿನೀರು, ಪಾತ್ರೆಯ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ಷು ಇವುಗಳಿಂದ ಉಜ್ಜಬೇಕು. ಅಲ್ಯೂಮಿನಿಯಂ ಭಾಗಗಳನ್ನು ವಾಷಿಂಗ್ ಸೋಡಾದಲ್ಲಿ ನೆನೆಹಾಕಬಾರದು. ಲೋಹ ಕಪ್ಪಾಗಿ ಸವೆಯುತ್ತದೆ. ಆ ಬಾಯಿಯ ಸುತ್ತಲಿನ ರಬ್ಬರು, ಕುಕ್ಕರಿನ ಗ್ಯಾಸ್ಕೆಟ್ಟಿನಂತೆಯೇ, ವರ್ಷಗಳು ಕಳೆದಂತೆ ಗಟ್ಟಿಯಾಗುತ್ತದೆ. ಅದನ್ನು ಬದಲಾಯಿಸುವುದೇ ಲೇಸು.

ಮೂರನೆಯದು ಸುಣ್ಣ ಬಿಡಿಸುವುದು. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚುವ ಗೃಹಿಣಿಗೆ ಇದರ ತತ್ತ್ವವನ್ನು ಬೇರೆ ಕಲಿಸಬೇಕಾಗಿಲ್ಲ. ಆದರೆ ಹುಣಸೆಯ ರಸವನ್ನು ಯಂತ್ರಕ್ಕೆ ಹಾಕಿದರೆ ನಾರು ಸಿಕ್ಕಿಕೊಳ್ಳುತ್ತದೆ. ಬೇಕಾದದ್ದು ತಿನ್ನಲು ಯೋಗ್ಯವಾದ ಸಿಟ್ರಿಕ್ ಆಮ್ಲದ ಹರಳು. ಕೈಪಿಡಿಯಲ್ಲಿ ಬೇರೆ ವಿಧಾನ ಹೇಳಿರದಿದ್ದರೆ, 1 ಲೀಟರ್ ನೀರಿಗೆ 20 ಗ್ರಾಂ ಹಾಕಿ ಚೆನ್ನಾಗಿ ಕರಗಿಸಿ ತೊಟ್ಟಿಗೆ ತುಂಬಬೇಕು. ಒಂದು ಬಟ್ಟಲಿನಷ್ಟನ್ನು ಕಾಫಿಯ ದಾರಿಯಿಂದಲೂ ಸ್ವಲ್ಪವನ್ನು ಆವಿಯ ಕೊಳವೆಯಿಂದಲೂ ಹೊರಕ್ಕೆ ಬಿಟ್ಟು, ಯಂತ್ರವನ್ನು ಆರಿಸಿ 10 ನಿಮಿಷ ಸುಮ್ಮನಿರಬೇಕು. ಮತ್ತೆ ಅಷ್ಟೇ ಬಿಡಬೇಕು, ಮತ್ತೆ ಕಾಯಬೇಕು. ನೀರು ಉಗುರುಬೆಚ್ಚಗಿದ್ದರೆ ಸಾಕು. ಬಹಳ ಬಿಸಿಯಾದರೆ ಸುಣ್ಣ ಮತ್ತು ಸಿಟ್ರಿಕ್ ಆಮ್ಲ ಸೇರಿ ಆದ ಲವಣವೇ ಒಳಗೆ ಗಡ್ಡೆಕಟ್ಟೀತು. ಬಾಯ್ಲರು ಅಲ್ಯೂಮಿನಿಯಂನದಾದರೆ ಹುಳಿನೀರನ್ನು ರಾತ್ರಿಯಿಡೀ ಬಿಡಬಾರದು. ಸುಣ್ಣ ಮುಗಿದ ಮೇಲೆ ಹುಳಿ ಲೋಹಕ್ಕೇ ಬಾಯಿ ಹಾಕುತ್ತದೆ. ಕಡೆಯಲ್ಲಿ ಎರಡು ತೊಟ್ಟಿ ಶುದ್ಧ ನೀರು ಹರಿಸಿ, ನಾಲಗೆಗೆ ಹುಳಿ ತಾಗದಂತಾದ ಮೇಲೆಯೇ ಪುಡಿ ಹಾಕಬೇಕು.

ಆ ದಿನ ಮೊದಲ ಸರದಿಯಲ್ಲಿ ಸುಣ್ಣದ ನೀರಿನಂತೆ ಬೆಳ್ಳಗೆ ಬಂತು. ಎರಡನೆಯದರಲ್ಲಿ ಹರಳು ಹರಳಾಗಿ ಚೂರುಗಳು ಬಂದುವು, ಅನಂತರ ನೀರು ನಿಂತೇಹೋಯಿತು. ಹುಡುಗನ ಮುಖ ನೋಡಲಾಗಲಿಲ್ಲ. ಮೇಷ್ಟರು ಮಾತ್ರ ಗಾಬರಿಪಡಲಿಲ್ಲ. ಸಡಿಲವಾದ ಚೂರು ಸಣ್ಣ ಕವಾಟದಲ್ಲಿ ಸಿಕ್ಕಿಕೊಳ್ಳುವುದು ಇಂಥ ಕೆಲಸದಲ್ಲಿ ಸಾಮಾನ್ಯವೆಂದರು. ಯಂತ್ರ ತಣ್ಣಗಾದ ಮೇಲೆ ಆ ಕವಾಟವನ್ನು ಬಿಚ್ಚಿ ತೊಳೆದು ಜೋಡಿಸಿದರು. ಮೂರನೆಯ ಸರದಿಗೆ ನೀರು ಧಾರೆಯಾಗಿ ಇಳಿಯಿತು. ಬಾಯ್ಲರು ಹಳೆಯದೇ ಉಳಿಯಿತು. ಹೊಸದಾಗಿ ಕೊಂಡದ್ದು ರಬ್ಬರು ಮತ್ತು ಆಮ್ಲ, ಇಷ್ಟೇ.

ಇನ್ನು ಮುಂದೆ ಸುಣ್ಣ ಕಟ್ಟದಂತೆ ನೋಡಿಕೊಳ್ಳಲು ಸುಲಭವಾದ ಉಪಾಯವಿದೆ. ನೀರನ್ನು ಮೊದಲೇ ಕುದಿಸಿ, ಆರಿಸಿ, ತಳ ಕದಡದಂತೆ ಬಗ್ಗಿಸಿ ಸೋಸಿ ತುಂಬಿದರೆ, ಸುಣ್ಣದ ಬಹುಪಾಲು ಪಾತ್ರೆಯಲ್ಲೇ ನಿಲ್ಲುತ್ತದೆ. ಪಾತ್ರೆಯನ್ನು ಉಜ್ಜುವುದು ಯಂತ್ರವನ್ನು ಬಿಚ್ಚುವುದಕ್ಕಿಂತ ಹಗುರವಾದ ಕೆಲಸ.

ಎಲ್ಲ ಯಂತ್ರವನ್ನೂ ಉಳಿಸಬಹುದೆಂದು ನಾನು ಹೇಳುವುದಿಲ್ಲ. ಬಾಯ್ಲರು ತೂತುಬಿದ್ದಿದ್ದರೆ, ಬಿಡಿಭಾಗ ಸಿಗದಿದ್ದರೆ, ಅದನ್ನು ಬೀಳ್ಕೊಡಬೇಕಾದದ್ದೇ. ಆದರೆ ಕೆಟ್ಟಿದೆ ಎಂಬುದಕ್ಕೂ ಕೊಳೆಯಾಗಿದೆ ಎಂಬುದಕ್ಕೂ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನು ಅರಿಯುವ ತಾಳ್ಮೆ ಇಲ್ಲದೆ ನಾವು ಗುಜರಿಗೆ ಹಾಕಿದ ವಸ್ತುಗಳೆಷ್ಟೊ! ಒಂದು ವಸ್ತುವನ್ನು ಬಿಸಾಡುವ ಮೊದಲು ಅದಕ್ಕೆ ಒಂದು ಮಧ್ಯಾಹ್ನವನ್ನಾದರೂ ಕೊಡೋಣ. ಅದರ ಹಿಂದೆ ಯಾರ ಆಸೆ ನಿಂತಿರುತ್ತದೆಯೋ, ಆ ಆಸೆಗೂ ಅಷ್ಟು ಅವಕಾಶ ಸಿಕ್ಕಂತಾಗುತ್ತದೆ.