ಪದವಿ, ಕಸುಬು ಮತ್ತು ಕಾಗದ



ಪದವಿಯ ನೌಕರಿ ಮತ್ತು ಕೈಕಸುಬು ಎರಡನ್ನೂ ಎದುರುಬದುರು ಇಟ್ಟು ಮಾತಾಡಲು ಮುಹೈಸ್ನಾಕ್ಕಿಂತ ಒಳ್ಳೆಯ ಜಾಗ ದುಬೈಯಲ್ಲಿ ಸಿಗದು. ಮುಹೈಸ್ನಾ ನಾಲ್ಕರಲ್ಲಿ ಶಾಲೆಗಳು. ಮಗ ಎಂಜಿನಿಯರ್ ಆಗಲಿ ಎಂದು ನಾವು ಫೀಸು ಕಟ್ಟುವುದು ಅಲ್ಲಿ. ಎಲ್ಲರೂ ಸೋನಾಪುರ ಎನ್ನುವ ಮುಹೈಸ್ನಾ ಎರಡರಲ್ಲಿ ಕಾರ್ಮಿಕರ ಕ್ಯಾಂಪುಗಳು. ಎಂಜಿನಿಯರ್ ಬರೆದ ನಕ್ಷೆಯನ್ನು ಕಟ್ಟಡವಾಗಿಸುವವರು ಬೆಳಗಿನ ಜಾವ ಬಸ್ಸು ಹತ್ತುವುದು ಅಲ್ಲಿಂದ.

ನಮ್ಮೂರ ಮದುವೆ ಮಾತುಕತೆಯಲ್ಲಿ ಹುಡುಗ ಗಲ್ಫಿನಲ್ಲಿ ಎಂಜಿನಿಯರ್ ಎಂದರೆ ಮುಂದೆ ಪ್ರಶ್ನೆಯೇ ಇಲ್ಲ. ವೆಲ್ಡರ್ ಎಂದರೆ ಮಾತ್ರ ಸಂಬಳ ಕೇಳುತ್ತಾರೆ. ಕೌಶಲದ ಲೆಕ್ಕ ಹಿಡಿದರೆ ಈ ಮೇಲುಕೀಳು ನಿಲ್ಲದು. ಪೈಪ್ ವೆಲ್ಡರುಗಳ ಸಿಕ್ಸ್ ಜಿ ಪರೀಕ್ಷೆಯನ್ನೇ ನೋಡಿ. ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದಿರುತ್ತಾರೆ, ತಿರುಗಿಸುವಂತಿಲ್ಲ. ವೆಲ್ಡರನೇ ಬಗ್ಗಿ, ಕೂತು, ಕತ್ತೆತ್ತಿ ಸುತ್ತಲೂ ಬೆಸೆಯಬೇಕು. ಮೊದಲ ಪದರ, ಅಂದರೆ ರೂಟ್, ಪೈಪಿನ ಒಳಮೈವರೆಗೂ ಒಂದೇ ಸಮನೆ ಇಳಿಯಬೇಕು. ಕೈ ತುಸು ತಡೆದರೆ ಲೋಹ ಒಳಗೆ ಸುರಿಯುತ್ತದೆ. ಬೇಗ ಸರಿದರೆ ಸಂದು ಉಳಿಯುತ್ತದೆ. ಹೊರಗೆ ಎಷ್ಟೇ ನಯವಾಗಿರಲಿ, ಎಕ್ಸ್‌ರೇ ಇಲ್ಲವೇ ಬಗ್ಗಿಸುವ ಪರೀಕ್ಷೆ ಒಳಗಿನ ದೋಷವನ್ನು ಬಯಲಿಗೆಳೆಯುತ್ತದೆ. ಅಮೆರಿಕದ ಎಎಸ್‌ಎಂಇ ಸಂಹಿತೆಯ ಪ್ರಕಾರ, ಪಾಸಾದ ವಿಧಾನದಲ್ಲಿ ಆರು ತಿಂಗಳು ಬೆಸೆಯದೇ ಇದ್ದರೆ ಅರ್ಹತೆ ಹೋಯಿತು. ನನ್ನ ಬಿ.ಇ.ಗೆ ಅಂಥ ಗಡುವಿಲ್ಲ. ಕಾಲೇಜು ಬಿಟ್ಟ ಮೇಲೆ ಅದನ್ನು ಯಾರೂ ಬಗ್ಗಿಸಿ ನೋಡಿಲ್ಲ!

ಹಾಗಂತ ಕಸುಬನ್ನು ಹಾಡಿ ಹೊಗಳಿ ಕೈತೊಳೆದುಕೊಳ್ಳಲು ನಾನು ಬಂದಿಲ್ಲ. ಕಣ್ಣು, ಸೊಂಟ, ಮೊಣಕಾಲು ಸವೆಯುವುದು ಕಸುಬುದಾರನದೇ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ದುಡಿಸಬಾರದು ಎಂಬ ಇಲ್ಲಿನ ಕಾನೂನು ನನ್ನ ಎ.ಸಿ. ಕೋಣೆಗಾಗಿ ಬಂದದ್ದಲ್ಲ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಮೊದಲು ವೀಸಾದಲ್ಲಿ ಬರೆದ ಹುದ್ದೆಯೂ ಅಡ್ಡ ಬರುತ್ತಿತ್ತು. 2019ರಲ್ಲಿ ಅದು ಬದಲಾಗಿ, ಹುದ್ದೆಯ ಬದಲು ಆದಾಯ ನೋಡುವ ನಿಯಮ ಬಂತು: 4,000 ದಿರ್ಹಂ, ಅಥವಾ 3,000 ಮತ್ತು ವಸತಿ. ನಮ್ಮ ಮದುವೆ ದಲ್ಲಾಳಿಗಳಿಗೆ ಇನ್ನೂ ಹೊಳೆಯದ್ದು ಇಲ್ಲಿನ ಸಚಿವ ಸಂಪುಟಕ್ಕೆ ಹೊಳೆಯಿತು.

ಆದರೆ ಒಂದು ಅಂತರ ಹಾಗೇ ಉಳಿದಿದೆ. ನನ್ನ ಪದವಿ ಪತ್ರ ನನ್ನ ಪೆಟ್ಟಿಗೆಯಲ್ಲಿದೆ. ಕಂಪನಿ ಬಿಟ್ಟರೆ ಜೊತೆಗೇ ಬರುತ್ತದೆ. ವೆಲ್ಡರನ ಪರೀಕ್ಷಾ ದಾಖಲೆ ಹೆಚ್ಚಾಗಿ ಕಂಪನಿಯ ಫೈಲಿನಲ್ಲೇ ಉಳಿಯುತ್ತದೆ. ಹೊಸ ಕಡೆ ಹೋದಾಗ ವರ್ಷಗಟ್ಟಲೆಯ ದುಡಿಮೆ ಬರೀ ಬಾಯಿಮಾತಾಗುತ್ತದೆ. ಮೈ ಸೋಲುವ ವಯಸ್ಸಿಗೆ ವೆಲ್ಡಿಂಗ್ ಇನ್‌ಸ್ಪೆಕ್ಟರ್ ಆಗುವ ದಾರಿಯಿದೆ, ಅದಕ್ಕೆ ಪರೀಕ್ಷೆಗಳೂ ಇವೆ. ಅಲ್ಲಿ ಅನುಭವವನ್ನು ಕಾಗದದಲ್ಲಿ ತೋರಿಸಬೇಕು.

ಇಂದಿನ ಗೋಷ್ಠಿಗಳು ಈ ಕಾಗದದ ವಿಚಾರವನ್ನು ಕೈಗೆತ್ತಿಕೊಳ್ಳಲಿ. ಎಂಜಿನಿಯರ್ ಮಿತ್ರರು ಇನ್‌ಸ್ಪೆಕ್ಟರ್ ಪರೀಕ್ಷೆಗಳ ಇಂಗ್ಲಿಷ್ ಅರ್ಜಿಗಳನ್ನು ತುಂಬಿಕೊಡಲು ಮುಂದೆ ಬರಲಿ. ಕಸುಬುದಾರ ಬಂಧುಗಳೇ, ಈಗಿನ ಕಂಪನಿ ಬಿಡುವ ಮುನ್ನ ಪರೀಕ್ಷಾ ದಾಖಲೆಯ ಪ್ರತಿ ಮತ್ತು ಅನುಭವ ಪತ್ರ, ಎರಡನ್ನೂ ಕೇಳಿ ಪಡೆಯಿರಿ.